ಆಚೆಯವರಿಗೆ ಸೆಕೆಂಡು ತಿಳಿಸುವುದು ಹೇಗೆ?

ಓದುಗರೊಬ್ಬರು ಕೇಳಿದ್ದಾರೆ: 'ವಾಯೇಜರ್ ನೌಕೆಯಲ್ಲಿ ಕನ್ನಡವೂ ಇದೆಯಂತೆ. ಅದು ಈಗಲೂ ಆಕಾಶದಲ್ಲಿ ಕನ್ನಡ ಮಾತಾಡುತ್ತಾ ಹೋಗುತ್ತಿದೆಯೇ?'

ಕನ್ನಡ ಇರುವುದು ನಿಜ. 1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್‌ಗಳ ಮೈಗೂ ಒಂದೊಂದು ಗ್ರಾಮಫೋನ್ ಪ್ಲೇಟು ಬಿಗಿದಿದ್ದಾರೆ. ತಾಮ್ರದ ಪ್ಲೇಟು, ಮೇಲೆ ಚಿನ್ನದ ಲೇಪ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡಿಗರ ಪರವಾಗಿ ಹೇಳಿದ್ದೂ ಒಂದು. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಆದರೆ ಪ್ಲೇಟು ಮಾತಾಡುತ್ತಿಲ್ಲ! 'ಅಂತರಿಕ್ಷದಲ್ಲಿ ಮೊಳಗುತ್ತಿರುವ ಕನ್ನಡ' ಎಂಬ ಮಾತನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿದ್ದೇನೆ. ಅಭಿಮಾನ ಸರಿ, ಸಂಗತಿ ತಪ್ಪು. ಅಲ್ಲಿ ದನಿ ಹೊರಲು ಗಾಳಿಯಿಲ್ಲ. ನೌಕೆ ಭೂಮಿಗೆ ಕಳಿಸುವ ರೇಡಿಯೊ ಸಂಕೇತದಲ್ಲಿ ಉಪಕರಣಗಳ ಅಳತೆಗಳಿವೆಯೇ ಹೊರತು ಮಾತಿಲ್ಲ. ಪ್ಲೇಟು ಅಲ್ಯುಮಿನಿಯಂ ಹೊದಿಕೆಯೊಳಗೆ ಸುಮ್ಮನೆ ಕೂತಿದೆ. ಜೊತೆಗೆ ಮುಳ್ಳನ್ನೂ ಇಟ್ಟಿದ್ದಾರೆ. ತಿರುಗಿಸುವ ಕೆಲಸ, ಅದು ಯಾರ ಕೈಗೆ ಸಿಕ್ಕುತ್ತದೋ ಆ ಆಚೆಯವರದು.

ಎಷ್ಟು ವೇಗದಲ್ಲಿ ತಿರುಗಿಸಬೇಕು? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಚಿಕ್ಕಂದಿನಲ್ಲಿ ನಮ್ಮ ಮನೆಯ ಪ್ಲೇಯರಿನ ವೇಗ ತಪ್ಪಿಸಿ ಇಟ್ಟಾಗ ಕೋಗಿಲೆ ಕಂಠದ ಗಾಯಕಿ ಘಟೋತ್ಕಚನಂತೆ ಗುಡುಗಿದ್ದು ನೆನಪಿದೆ. ವಾಯೇಜರಿನ ಪ್ಲೇಟು ಒಂದು ಸುತ್ತಿಗೆ 3.6 ಸೆಕೆಂಡು ತೆಗೆದುಕೊಳ್ಳಬೇಕು. ಆದರೆ ಸೆಕೆಂಡು ಎಂಬುದು ನಮ್ಮ ಭೂಮಿಯ ಒಂದು ದಿನವನ್ನು ತುಂಡರಿಸಿ ಮಾಡಿಕೊಂಡದ್ದು. ಅಜ್ಜಂದಿರ ಗಳಿಗೆ, ವಿಗಳಿಗೆಗಳೂ ಹಾಗೆಯೇ. ಭೂಮಿಯನ್ನೇ ಕಾಣದವರಿಗೆ ಇವೆಲ್ಲ ಏನು ಹೇಳುತ್ತವೆ?

ಅದಕ್ಕೆ ವಿಜ್ಞಾನಿಗಳು ಜಲಜನಕವನ್ನು ಹಿಡಿದರು. ವಿಶ್ವದ ಯಾವ ಮೂಲೆಗೆ ಹೋದರೂ ಜಲಜನಕವಿದೆ, ಅದರ ಸ್ವಭಾವ ಒಂದೇ. ಅದರ ಎಲೆಕ್ಟ್ರಾನಿನ ಗಿರಕಿಯ ದಿಕ್ಕು ಮಗುಚಿದಾಗ ಒಂದು ರೇಡಿಯೊ ಅಲೆ ಹೊರಡುತ್ತದೆ. ಸೆಕೆಂಡಿಗೆ ಸುಮಾರು 142 ಕೋಟಿ ಕಂಪನ. ಆ ಒಂದು ಕಂಪನದ ಹೊತ್ತೇ ಅಳತೆಗೋಲು. ಪ್ಲೇಟಿನ ಒಂದು ಸುತ್ತಿಗೆ ಅಂಥ ಸುಮಾರು 511 ಕೋಟಿ ಕಂಪನಗಳ ಕಾಲ ಬೇಕು. ಈ ಸಂಖ್ಯೆಯನ್ನು ಹೊದಿಕೆಯ ಮೇಲೆ ಅಡ್ಡಗೀಟು, ಉದ್ದಗೀಟುಗಳಲ್ಲೇ ಕೆತ್ತಿದ್ದಾರೆ. ಒಂದು ಅಕ್ಷರವೂ ಬೇಕಾಗಿಲ್ಲ. ಎಂಥ ಜಾಣತನ!

ಅದೇ ಓದುಗರ ಇನ್ನೊಂದು ಪ್ರಶ್ನೆ: 'ಶನಿಯ ಹತ್ತಿರ ಹೋಗಿಯೂ ನೌಕೆಗೆ ಕೇಡಾಗಲಿಲ್ಲವೇ?' ಸಾಡೇಸಾತಿಯೆಂದು ಹೆದರಿಸಿ ಎಳ್ಳೆಣ್ಣೆ ಸುರಿಸಿಕೊಳ್ಳುವವರಿಗೆ ಇದನ್ನು ದಯವಿಟ್ಟು ಓದಿ ಹೇಳಿ. 1980ರ ನವೆಂಬರ್ 12ರಂದು ವಾಯೇಜರ್-1 ಶನಿಯ ಮೋಡಗಳಿಂದ ಸುಮಾರು 1,24,000 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಶನಿಯ ಗುರುತ್ವ ಅದಕ್ಕೆ ಕೇಡು ಮಾಡುವುದಿರಲಿ, ವೇಗ ಕೊಟ್ಟು ಮುಂದಕ್ಕೆಸೆಯಿತು. ನೌಕೆ ಈಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆದರೂ ಬೇರೊಂದು ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರಕ್ಕೆ ಬರಲು ಇನ್ನೂ 40,000 ವರ್ಷ ಬೇಕು.

ಅಷ್ಟು ಕಾಲದ ಮೇಲೆ ಯಾರ ಕೈಗಾದರೂ ಸಿಕ್ಕರೆ, ಅದು ಹೊರಟು ಎಷ್ಟು ದಿನವಾಯಿತೆಂದು ಅವರಿಗೆ ಹೇಗೆ ತಿಳಿಯಬೇಕು? ಅದಕ್ಕೂ ಏರ್ಪಾಡಿದೆ. ಹೊದಿಕೆಯ ಮೇಲೆ ಸುಮಾರು ಎರಡು ಸೆಂಟಿಮೀಟರ್ ಅಗಲದ ಜಾಗದಲ್ಲಿ ಶುದ್ಧ ಯುರೇನಿಯಂ-238 ಲೇಪಿಸಿದ್ದಾರೆ. ಅದರಲ್ಲಿ ಅರ್ಧ ಕ್ಷಯಿಸಲು ಸುಮಾರು 450 ಕೋಟಿ ವರ್ಷ ಹಿಡಿಯುತ್ತದೆ. ಉಳಿದದ್ದೆಷ್ಟು, ಬೇರೆ ಧಾತುಗಳಾಗಿ ಬದಲಾದದ್ದೆಷ್ಟು ಎಂದು ಅಳೆದರೆ ಹೊರಟ ದಿನದಿಂದ ಕಳೆದ ಕಾಲ ಸಿಗುತ್ತದೆ.