ಭಾರತದಲ್ಲಿ ಬಂಧಿಗಳ ಮೇಲೆ ನಿರ್ಬಂಧಕ ಸಾಧನಗಳ ಬಳಕೆ

ನಿರ್ಬಂಧಕ ಸಾಧನಗಳು ಎಂದರೆ ಪೊಲೀಸ್ ವಶದಲ್ಲಿ ಅಥವಾ ಕಾರಾಗೃಹದಲ್ಲಿರುವ ವ್ಯಕ್ತಿಯ ಚಲನವಲನವನ್ನು ತಡೆಯಲು ಬಳಸುವ ಕೈಕೋಳ, ಕಾಲುಬೇಡಿ, ಸರಪಳಿ, ಹಗ್ಗ ಮೊದಲಾದ ಉಪಕರಣಗಳು. ಭಾರತದಲ್ಲಿ ಇವುಗಳ ಬಳಕೆಯನ್ನು ಸಂವಿಧಾನದ 14, 19 ಮತ್ತು 21ನೇ ವಿಧಿಗಳು, ಕಾರಾಗೃಹ ಕಾಯಿದೆಗಳು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಾಗೂ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ನಿಯಂತ್ರಿಸುತ್ತವೆ. ಈ ತೀರ್ಪುಗಳ ಪ್ರಕಾರ ಬಂಧಿಗೆ ಕೋಳ ತೊಡಿಸುವುದು ಅಪವಾದವೇ ಹೊರತು ವಾಡಿಕೆಯ ಕ್ರಮವಲ್ಲ. ಬೇರೆ ದಾರಿಯಿಲ್ಲದಿದ್ದಾಗ ಮಾತ್ರ, ಕಾರಣವನ್ನು ಲಿಖಿತವಾಗಿ ದಾಖಲಿಸಿ, ಅಗತ್ಯವಿರುವಷ್ಟು ಕಾಲಕ್ಕೆ ಸೀಮಿತವಾಗಿ ಅದನ್ನು ಬಳಸಬಹುದು.

ಭಾರತದ ಕಾರಾಗೃಹಗಳಲ್ಲಿರುವವರ ಪೈಕಿ ಸುಮಾರು ನಾಲ್ಕನೇ ಮೂರು ಭಾಗದಷ್ಟು ಜನರು ವಿಚಾರಣಾಧೀನ ಕೈದಿಗಳು. ಅವರ ಅಪರಾಧ ಇನ್ನೂ ಸಾಬೀತಾಗಿರುವುದಿಲ್ಲವಾದ್ದರಿಂದ ಈ ನಿಯಮಗಳಿಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಜಾರಿಗೆ ಬಂದ 1894ರ ಕಾರಾಗೃಹಗಳ ಕಾಯಿದೆಯು ಬೇಡಿಗಳನ್ನು ಎರಡು ಉದ್ದೇಶಗಳಿಗೆ ಅನುಮತಿಸಿತ್ತು. ಅದರ 46ನೇ ಪ್ರಕರಣದಲ್ಲಿ ಕೈಕೋಳ ಮತ್ತು ಕಾಲುಬೇಡಿಗಳು ಕಾರಾಗೃಹದೊಳಗಿನ ಅಪರಾಧಗಳಿಗೆ ವಿಧಿಸಬಹುದಾದ ಶಿಕ್ಷೆಗಳ ಪಟ್ಟಿಯಲ್ಲಿದ್ದವು. ಮಹಿಳಾ ಬಂಧಿಗಳಿಗೂ ಸಿವಿಲ್ ಬಂಧಿಗಳಿಗೂ ಈ ಶಿಕ್ಷೆಯಿಂದ ವಿನಾಯಿತಿ ಇತ್ತು. 56ನೇ ಪ್ರಕರಣವು ಕಾರಾಗೃಹದ ಸ್ಥಿತಿ ಅಥವಾ ಬಂಧಿಗಳ ಸ್ವಭಾವವನ್ನು ಗಮನಿಸಿ, ಸುರಕ್ಷಿತ ಅಭಿರಕ್ಷೆಗಾಗಿ ಬೇಡಿ ತೊಡಿಸುವ ಅಧಿಕಾರವನ್ನು ಅಧೀಕ್ಷಕರಿಗೆ ನೀಡಿತು. 58ನೇ ಪ್ರಕರಣದ ಪ್ರಕಾರ ಜೈಲರ್ ಸ್ವಂತ ಅಧಿಕಾರದಿಂದ ಬೇಡಿ ತೊಡಿಸುವಂತಿರಲಿಲ್ಲ. ತುರ್ತು ಸಂದರ್ಭದಲ್ಲಿ ಹಾಗೆ ಮಾಡಿದರೆ ಕೂಡಲೇ ಅಧೀಕ್ಷಕರಿಗೆ ತಿಳಿಸಬೇಕಾಗಿತ್ತು.

ಪೊಲೀಸರ ವಿಷಯದಲ್ಲಿ, ಬಂಧಿತನು ತಪ್ಪಿಸಿಕೊಳ್ಳದಂತೆ ತಡೆಯಲು ಅಗತ್ಯವಿರುವುದಕ್ಕಿಂತ ಹೆಚ್ಚಿನ ನಿರ್ಬಂಧವನ್ನು ಹೇರಬಾರದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 49ನೇ ಪ್ರಕರಣವು ವಿಧಿಸಿತು.

ಸರ್ವೋಚ್ಚ ನ್ಯಾಯಾಲಯದ ಪ್ರಮುಖ ತೀರ್ಪುಗಳು

ಸುನಿಲ್ ಬಾತ್ರಾ ಪ್ರಕರಣ (1978): ದೆಹಲಿಯ ತಿಹಾರ್ ಕಾರಾಗೃಹದಲ್ಲಿ ವಿಚಾರಣಾಧೀನ ಕೈದಿಯಾಗಿದ್ದ ಚಾರ್ಲ್ಸ್ ಶೋಭರಾಜ್‌ಗೆ ಕಬ್ಬಿಣದ ಸರಳುಗಳಿಂದ ಕೂಡಿದ ಕಾಲುಬೇಡಿಯನ್ನು ದೀರ್ಘಕಾಲ ತೊಡಿಸಲಾಗಿತ್ತು. ಅವನ ಅರ್ಜಿಯನ್ನು ಸುನಿಲ್ ಬಾತ್ರಾ ಸಲ್ಲಿಸಿದ್ದ ಅರ್ಜಿಯೊಂದಿಗೆ ಐವರು ನ್ಯಾಯಾಧೀಶರ ಪೀಠವು ವಿಚಾರಿಸಿತು. 56ನೇ ಪ್ರಕರಣವನ್ನು ಪೀಠವು ರದ್ದುಗೊಳಿಸಲಿಲ್ಲ. ಆದರೆ ಆ ಅಧಿಕಾರವು ಅಂಕೆಯಿಲ್ಲದ್ದಲ್ಲವೆಂದೂ ಅಗತ್ಯವನ್ನು ತೋರಿಸುವ ನಿರ್ದಿಷ್ಟ ಕಾರಣಗಳಿರಬೇಕೆಂದೂ ಅದು ನಿರ್ಣಯಿಸಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಇನ್ನಷ್ಟು ವಿವರವಾದ ಸೂಚನೆಗಳನ್ನು ನೀಡಿದರು. ಬೇಡಿ ತೊಡಿಸುವ ಕಾರಣವನ್ನು ಬಂಧಿಗೆ ತಿಳಿಸಬೇಕು. ಅದನ್ನು ಅವನ ದಾಖಲೆಪತ್ರದಲ್ಲಿ ರಾಜ್ಯಭಾಷೆಯಲ್ಲಿ ಬರೆಯಬೇಕು. ಆ ಭಾಷೆ ಬಾರದವನಿಗೆ ಸಾಧ್ಯವಾದಷ್ಟೂ ಅವನದೇ ಭಾಷೆಯಲ್ಲಿ ವಿವರಿಸಬೇಕು. ಕೊಠಡಿಗೆ ಬೀಗ ಹಾಕಿರುವ ರಾತ್ರಿಯ ವೇಳೆಯಲ್ಲಿ ಬೇಡಿಯನ್ನು ಮುಂದುವರಿಸಬಾರದು ಎಂಬುವು ಅವುಗಳಲ್ಲಿ ಮುಖ್ಯವಾದವು.

ಪ್ರೇಮ್ ಶಂಕರ್ ಶುಕ್ಲಾ ಪ್ರಕರಣ (1980): ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಕೈಕೋಳ ತೊಡಿಸುವುದನ್ನು ಪ್ರಶ್ನಿಸಿ ತಿಹಾರ್‌ನ ವಿಚಾರಣಾಧೀನ ಕೈದಿಯೊಬ್ಬರು ಕಳುಹಿಸಿದ ತಂತಿಯಿಂದ ಈ ಪ್ರಕರಣ ಆರಂಭವಾಯಿತು. ಅಂದು ಜಾರಿಯಲ್ಲಿದ್ದ ಪಂಜಾಬ್ ಪೊಲೀಸ್ ನಿಯಮಗಳು ಸಾಮಾಜಿಕ ಸ್ಥಾನಮಾನದ ಆಧಾರದ ಮೇಲೆ ‘ಉತ್ತಮ ದರ್ಜೆ’ಯ ಕೈದಿಗಳಿಗೆ ಮಾತ್ರ ಕೈಕೋಳದಿಂದ ವಿನಾಯಿತಿ ನೀಡುತ್ತಿದ್ದವು. ಸಿರಿವಂತಿಕೆಗೂ ತಪ್ಪಿಸಿಕೊಳ್ಳುವ ಸಾಧ್ಯತೆಗೂ ಸಂಬಂಧವಿಲ್ಲವೆಂದು ನ್ಯಾಯಾಲಯವು ಈ ವರ್ಗೀಕರಣವನ್ನು ಅಸಿಂಧುಗೊಳಿಸಿತು. ಬೆಂಗಾವಲು ಪಡೆಯನ್ನು ಹೆಚ್ಚಿಸುವಂತಹ ಪರ್ಯಾಯಗಳನ್ನು ಮೊದಲು ಪರಿಶೀಲಿಸಬೇಕು, ಕೋಳ ಅನಿವಾರ್ಯವಾದರೆ ಕಾರಣಗಳನ್ನು ಆಗಲೇ ದಾಖಲಿಸಿ ನ್ಯಾಯಾಧೀಶರ ಅನುಮೋದನೆ ಪಡೆಯಬೇಕು ಎಂದು ತೀರ್ಪು ಹೇಳಿತು. ಪೊಲೀಸರ ಅನುಕೂಲವು ಸಮರ್ಥನೀಯ ಕಾರಣವಾಗಲಾರದು.

ಸಿಟಿಜನ್ಸ್ ಫಾರ್ ಡೆಮಾಕ್ರಸಿ ಪ್ರಕರಣ (1995): ಅಸ್ಸಾಂನ ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ಟಾಡಾ ಕಾಯಿದೆಯಡಿ ಬಂಧಿತರಾಗಿದ್ದ 7 ಮಂದಿ ರೋಗಿಗಳನ್ನು, ಕೊಠಡಿಗೆ ಬೀಗ ಮತ್ತು ಪೊಲೀಸ್ ಕಾವಲು ಇದ್ದರೂ, ಮಂಚಕ್ಕೆ ಕಟ್ಟಿಹಾಕಲಾಗಿತ್ತು. ಇದನ್ನು ಕಂಡ ಪತ್ರಕರ್ತ ಕುಲದೀಪ್ ನಯ್ಯರ್ ಬರೆದ ಪತ್ರವನ್ನೇ ನ್ಯಾಯಾಲಯವು ಅರ್ಜಿಯಾಗಿ ಪರಿಗಣಿಸಿತು. ಕಾರಾಗೃಹದೊಳಗಾಗಲಿ, ಒಂದು ಕಾರಾಗೃಹದಿಂದ ಮತ್ತೊಂದಕ್ಕೆ ಅಥವಾ ನ್ಯಾಯಾಲಯಕ್ಕೆ ಕರೆದೊಯ್ಯುವಾಗಲಾಗಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಕೋಳ ತೊಡಿಸುವಂತಿಲ್ಲ. ಉಲ್ಲಂಘನೆಯು ನ್ಯಾಯಾಂಗ ನಿಂದನೆಯಾಗುತ್ತದೆ ಎಂದು ಅದು ಆದೇಶಿಸಿತು.

ಪ್ರಸ್ತುತ ಶಾಸನ

2024ರ ಜುಲೈ 1ರಂದು ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಗೆ ಬಂದಿತು. ಅದರ 43(3)ನೇ ಪ್ರಕರಣವು ಕೈಕೋಳದ ಬಳಕೆಯನ್ನು ಸ್ಪಷ್ಟವಾಗಿ ಉಲ್ಲೇಖಿಸುತ್ತದೆ. ರೂಢಿಗತ ಅಪರಾಧಿಗಳು, ವಶದಿಂದ ತಪ್ಪಿಸಿಕೊಂಡವರು ಹಾಗೂ ಸಂಘಟಿತ ಅಪರಾಧ, ಭಯೋತ್ಪಾದನೆ, ಕೊಲೆ, ಅತ್ಯಾಚಾರ, ಆಸಿಡ್ ದಾಳಿ, ಮಾನವ ಕಳ್ಳಸಾಗಣೆ, ಮಾದಕ ವಸ್ತು ಸಂಬಂಧಿತ ಅಪರಾಧ ಮುಂತಾದ ಪ್ರಕರಣಗಳಲ್ಲಿ ಬಂಧಿಸುವಾಗ ಅಥವಾ ನ್ಯಾಯಾಲಯಕ್ಕೆ ಹಾಜರುಪಡಿಸುವಾಗ, ಅಪರಾಧದ ಸ್ವರೂಪ ಮತ್ತು ಗಾಂಭೀರ್ಯವನ್ನು ಗಮನಿಸಿ ಪೊಲೀಸ್ ಅಧಿಕಾರಿಯು ಕೈಕೋಳ ಬಳಸಬಹುದು. ಮೂಲ ಮಸೂದೆಯ ಪಟ್ಟಿಯಲ್ಲಿದ್ದ ಆರ್ಥಿಕ ಅಪರಾಧಗಳನ್ನು ಸಂಸದೀಯ ಸ್ಥಾಯಿ ಸಮಿತಿಯ ಶಿಫಾರಸಿನ ನಂತರ ಕೈಬಿಡಲಾಯಿತು. ಈ ಪ್ರಕರಣವು ವಿವೇಚನಾಧಿಕಾರವನ್ನು ಕೊಡುತ್ತದೆಯೇ ಹೊರತು ಕೋಳವನ್ನು ಕಡ್ಡಾಯಗೊಳಿಸುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ನಿರ್ಬಂಧ ಸಲ್ಲದೆಂಬ ಹಳೆಯ ನಿಯಮವು ಹೊಸ ಸಂಹಿತೆಯ 46ನೇ ಪ್ರಕರಣದಲ್ಲಿ ಉಳಿದುಕೊಂಡಿದೆ.

ಮಾನಸಿಕ ಅಸ್ವಸ್ಥತೆಯುಳ್ಳವರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 95ನೇ ಪ್ರಕರಣವು ನಿಷೇಧಿಸುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪು

ಚೆಕ್ ಅಮಾನ್ಯ ಪ್ರಕರಣಗಳಲ್ಲಿ ಹೊರಡಿಸಿದ್ದ ವಾರಂಟಿನ ಮೇಲೆ ಬಂಧಿತರಾದ ಕಾನೂನು ವಿದ್ಯಾರ್ಥಿಯೊಬ್ಬರಿಗೆ ಕೈಕೋಳ ತೊಡಿಸಿದ್ದನ್ನು ಕುರಿತು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರಲ್ಲಿ ತೀರ್ಪು ನೀಡಿತು. ಸಕಾರಣವಿಲ್ಲದ ಈ ಕ್ರಮಕ್ಕಾಗಿ 2 ಲಕ್ಷ ರೂಪಾಯಿ ಪರಿಹಾರವನ್ನು ಕೊಡುವಂತೆ ಆದೇಶಿಸಿತು. ಕೋಳ ತೊಡಿಸುವ ಕಾರಣಗಳನ್ನು ಕೇಸ್ ಡೈರಿಯಲ್ಲಿ ನಮೂದಿಸಬೇಕೆಂದೂ, ಬಂಧನ ಕಾರ್ಯದಲ್ಲಿ ತೊಡಗುವ ಪೊಲೀಸರಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಒದಗಿಸಲು ಪ್ರಯತ್ನಿಸಬೇಕೆಂದೂ ಸೂಚಿಸಿತು.

ಅಂತರರಾಷ್ಟ್ರೀಯ ನಿಯಮಗಳು

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 2015ರ ಡಿಸೆಂಬರ್ 17ರಂದು ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 47ರಿಂದ 49ರವರೆಗಿನ ನಿಯಮಗಳು ಈ ವಿಷಯಕ್ಕೆ ಸಂಬಂಧಿಸಿವೆ. ಅವುಗಳ ಸಾರಾಂಶ ಹೀಗಿದೆ:

• ಸರಪಳಿ, ಕಬ್ಬಿಣದ ಬೇಡಿ ಮತ್ತು ಸ್ವಭಾವತಃ ಅವಮಾನಕರ ಅಥವಾ ನೋವುಂಟುಮಾಡುವ ಸಾಧನಗಳು ನಿಷಿದ್ಧ.
• ಇತರ ಸಾಧನಗಳನ್ನು ಸ್ಥಳಾಂತರದ ವೇಳೆ ಪರಾರಿಯಾಗುವುದನ್ನು ತಡೆಯಲು ಬಳಸಬಹುದು. ನ್ಯಾಯಾಲಯದ ಮುಂದೆ ಹಾಜರಾದಾಗ ತೆಗೆಯಬೇಕು.
• ಬಂಧಿಯು ತನಗೆ ಅಥವಾ ಇತರರಿಗೆ ಹಾನಿ ಮಾಡಿಕೊಳ್ಳದಂತೆ, ಆಸ್ತಿಗೆ ನಷ್ಟವಾಗದಂತೆ ತಡೆಯುವ ಇತರ ಕ್ರಮಗಳು ವಿಫಲವಾದಾಗ ಕಾರಾಗೃಹದ ಮುಖ್ಯಸ್ಥರ ಆದೇಶದ ಮೇರೆಗೆ ಬಳಸಬಹುದು. ಕೂಡಲೇ ವೈದ್ಯರಿಗೆ ತಿಳಿಸಿ ಮೇಲಧಿಕಾರಿಗೆ ವರದಿ ಮಾಡಬೇಕು.
• ಅತ್ಯಂತ ಕಡಿಮೆ ತೊಂದರೆಯ ವಿಧಾನವನ್ನೇ ಆರಿಸಬೇಕು. ಅಪಾಯ ಕಳೆದೊಡನೆ ಬಿಡಿಸಬೇಕು.
• ಹೆರಿಗೆ ನೋವಿನ ಸಮಯದಲ್ಲಿ, ಹೆರಿಗೆಯಲ್ಲಿ ಮತ್ತು ಹೆರಿಗೆಯಾದ ಕೂಡಲೇ ಮಹಿಳೆಯರಿಗೆ ಎಂದಿಗೂ ತೊಡಿಸಬಾರದು.

ಶಿಸ್ತು ಉಲ್ಲಂಘನೆಗೆ ಶಿಕ್ಷೆಯಾಗಿ ಇವನ್ನು ಬಳಸುವುದನ್ನು 43ನೇ ನಿಯಮವು ನಿಷೇಧಿಸುತ್ತದೆ.

ದೈಹಿಕ ಅಪಾಯಗಳು ಮತ್ತು ಮುನ್ನೆಚ್ಚರಿಕೆ

ಬಿಗಿಯಾದ ಕೈಕೋಳವು ಮಣಿಕಟ್ಟಿನಲ್ಲಿ ಚರ್ಮದ ಸಮೀಪ ಹಾದುಹೋಗುವ ನರವನ್ನು ಒತ್ತುತ್ತದೆ. ಇದರಿಂದ ಹೆಬ್ಬೆರಳಿನ ಬುಡದ ಹಿಂಭಾಗವು ಮರಗಟ್ಟುತ್ತದೆ. ಕೆಲವರಲ್ಲಿ ಈ ತೊಂದರೆ ಬಹುಕಾಲ ಉಳಿಯುತ್ತದೆ. ತೊಡಿಸಿದ ಮೇಲೆ ಕೋಳವು ತಾನಾಗಿ ಇನ್ನಷ್ಟು ಬಿಗಿಯಾಗದಂತೆ ಅದರ ಎರಡನೆಯ ಬೀಗವನ್ನು ಹಾಕಬೇಕು. ಬೆರಳುಗಳ ಬಣ್ಣ, ಊತ ಮತ್ತು ಸ್ಪರ್ಶಜ್ಞಾನವನ್ನು ಆಗಾಗ ಪರೀಕ್ಷಿಸಬೇಕು. ಕೈಗಳನ್ನು ಕಟ್ಟಿದ ವ್ಯಕ್ತಿಯು ಎಡವಿದಾಗ ಕೈಯೂರಿ ತನ್ನನ್ನು ರಕ್ಷಿಸಿಕೊಳ್ಳಲಾರನಾದ್ದರಿಂದ ಮೆಟ್ಟಿಲು ಮತ್ತು ವಾಹನ ಹತ್ತಿಸುವಾಗ ಆಸರೆ ನೀಡಬೇಕು.

ಅತ್ಯಂತ ಗಂಭೀರವಾದ ಅಪಾಯವೆಂದರೆ ಉಸಿರಾಟದ ತಡೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬೋರಲಾಗಿ ಮಲಗಿಸಿ, ಬೆನ್ನು ಅಥವಾ ಕುತ್ತಿಗೆಯ ಮೇಲೆ ಭಾರ ಹಾಕಿದಾಗ ಎದೆ ಮತ್ತು ಹೊಟ್ಟೆ ಹಿಗ್ಗಲು ಅವಕಾಶವಿಲ್ಲದೆ ಸಾವು ಸಂಭವಿಸಬಹುದು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕೈಕೋಳ ತೊಡಿಸಿ ಬೋರಲು ಮಲಗಿಸಿದ್ದ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯನ್ನು ಪೊಲೀಸ್ ಅಧಿಕಾರಿಯು 9 ನಿಮಿಷಗಳಿಗೂ ಹೆಚ್ಚು ಕಾಲ ಮಂಡಿಯಿಂದ ಅದುಮಿದ್ದರಿಂದ ಅವರು ಮೃತಪಟ್ಟರು. ವ್ಯಕ್ತಿಯು ನಿಯಂತ್ರಣಕ್ಕೆ ಬಂದ ತಕ್ಷಣ ಅವನನ್ನು ಪಕ್ಕಕ್ಕೆ ಹೊರಳಿಸಬೇಕು ಅಥವಾ ಕೂರಿಸಬೇಕು. ಮಾತನಾಡುತ್ತಿರುವುದರಿಂದ ಉಸಿರಾಟ ಸರಿಯಾಗಿದೆ ಎಂದು ಭಾವಿಸಬಾರದು. ಒದ್ದಾಟವು ಪ್ರತಿರೋಧವಾಗಿರದೆ ಉಸಿರಿಗಾಗಿ ನಡೆಸುವ ಯತ್ನವೂ ಆಗಿರಬಹುದು. ಹಠಾತ್ ಮೌನವನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಬೇಕು.

ಕಾನೂನಾತ್ಮಕ ಪರಿಹಾರ

ಅಕ್ರಮವಾಗಿ ಕೋಳ ತೊಡಿಸಲ್ಪಟ್ಟ ವ್ಯಕ್ತಿಯು ತನ್ನನ್ನು ಹಾಜರುಪಡಿಸಿದ ಮ್ಯಾಜಿಸ್ಟ್ರೇಟರಿಗೆ ದೂರು ನೀಡಬಹುದು. ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯದಲ್ಲಿ ಅಥವಾ 32ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಲು ಅವಕಾಶವಿದೆ. ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ 1 ವರ್ಷದೊಳಗೆ ದೂರು ಸಲ್ಲಿಸಬೇಕು. ಅಭಿರಕ್ಷೆಯಲ್ಲಿರುವ ವ್ಯಕ್ತಿಯು, ಆದಾಯ ಎಷ್ಟೇ ಇದ್ದರೂ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಪ್ರಕರಣದ ಪ್ರಕಾರ ಉಚಿತ ಕಾನೂನು ನೆರವಿಗೆ ಅರ್ಹನಾಗಿರುತ್ತಾನೆ.