ಅಳಿಸಿಹೋದ 59 ಅಂಕಗಳು

ನಮ್ಮ ಭಾಗದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕಾನೂನಿನ ಅರಿವು ಮೂಡಿಸುವ ಕಾರ್ಯಕ್ರಮಕ್ಕೆ ನನ್ನನ್ನು ಒಮ್ಮೆ ಕರೆದಿದ್ದರು. ಬಾಲ್ಯವಿವಾಹ, ಶಿಕ್ಷಣದ ಹಕ್ಕು ಎಂದು ಸಿದ್ಧಪಡಿಸಿಕೊಂಡು ಹೋಗಿದ್ದ ಭಾಷಣ ಮುಗಿದ ಮೇಲೆ, ಪ್ರಶ್ನೆಗಳಿದ್ದರೆ ಕೇಳಿರೆಂದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. ‘ಸರ್, ಫೋರ್ಸ್ ಇಂಡಿಯಾ ಅಂತ ಒಂದು ಕಾರ್ ರೇಸ್ ತಂಡ ಇತ್ತಲ್ಲ, ಯಜಮಾನ ಸಾಲ ಮಾಡಿದರೆ ಓಡಿಸಿದವರು ಗಳಿಸಿದ ಅಂಕ ಏಕೆ ಅಳಿಸಿದರು?’ ಎಂದು ಕೇಳಿದ. ಉಪಾಧ್ಯಾಯರು ನಕ್ಕರು, ನನಗೆ ನಗು ಬರಲಿಲ್ಲ. ಅದು ಅಪ್ಪಟ ಕಾನೂನಿನ ಪ್ರಶ್ನೆಯಾಗಿತ್ತು. ಆ ದಿನ ಅರೆಬರೆ ಉತ್ತರ ಕೊಟ್ಟು ಬಂದೆ. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಿನ ಓಟ ನಮ್ಮ ಸೀಮೆಯದಲ್ಲ. ಮಾಧವರದ ಸೇತುವೆಯ ಮೇಲೆ ರಾಯಚೂರಿನ ಕಡೆಗೆ ಓಡುವ ಬಸ್ಸುಗಳೇ ನಮಗೆ ವೇಗದ ಅಳತೆ. ಆದರೆ ಎತ್ತುಗಳ ಬಂಡೆ ಎಳೆಯುವ ಪಂದ್ಯ ನಮಗೆ ಗೊತ್ತು. ಗೊತ್ತುಮಾಡಿದ ನಿಮಿಷಗಳಲ್ಲಿ ಯಾವ ಜೋಡಿ ಕಲ್ಲನ್ನು ಎಷ್ಟು ಅಡಿ ಎಳೆಯಿತೆಂಬುದರ ಮೇಲೆ ಬಹುಮಾನ. ನೋಡಲು ಬಂದವರಿಗೆ ಎತ್ತುಗಳ ಹೆಗಲು ಕಾಣುತ್ತದೆ. ವರ್ಷವಿಡೀ ಅವುಗಳಿಗೆ ಹಾಕಿದ ಹುರುಳಿ, ಹಿಂಡಿಯ ಲೆಕ್ಕ ಕಾಣುವುದಿಲ್ಲ. ನಾಲ್ಕು ಜೋಡಿ ಕಟ್ಟಿದ ಸಾಹುಕಾರನಿಗೂ ಒಂದೇ ಜೋಡಿಯನ್ನು ಸಾಲದ ಮೇಲೆ ಸಾಕಿದ ರೈತನಿಗೂ ಕಣದಲ್ಲಿ ಕಲ್ಲು ಮಾತ್ರ ಒಂದೇ ತೂಕದ್ದು. ಫಾರ್ಮುಲಾ ಒನ್ ಎಂಬ ಕಾರಿನ ಓಟದ ಲೋಕವೂ ಬಹುಮಟ್ಟಿಗೆ ಹೀಗೆಯೇ ಇದೆ.

ಫೋರ್ಸ್ ಇಂಡಿಯಾ ಹೆಸರಿಗೆ ಭಾರತದ್ದು. ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ, ಓಟದ ಮೈದಾನದ ಎದುರಿಗೇ ಇತ್ತು. ಐರ್ಲೆಂಡಿನ ಎಡ್ಡಿ ಜೋರ್ಡನ್ 1991ರಲ್ಲಿ ಕಣಕ್ಕಿಳಿಸಿದ ತಂಡವದು. ದೊಡ್ಡ ಕಾರು ಕಂಪನಿಯೊಂದರ ಆಸರೆಯಿಲ್ಲದೆ, ಎಂಜಿನ್ನನ್ನು ಬೇರೆಯವರಿಂದ ಹಣ ಕೊಟ್ಟು ತಂದು, ಉಳಿದದ್ದನ್ನು ತಾನೇ ಕಟ್ಟಿಕೊಳ್ಳುವ ಇಂಥ ತಂಡಗಳನ್ನು ಸ್ವತಂತ್ರ ತಂಡಗಳೆನ್ನುತ್ತಾರೆ. ಸ್ವಾತಂತ್ರ್ಯವೆಂದರೆ ಇಲ್ಲಿ ಬಿದ್ದರೆ ಹಿಡಿಯುವವರಿಲ್ಲವೆಂದೇ ಅರ್ಥ. ತಂಡ 2005ರಲ್ಲಿ ಮಿಡ್‌ಲ್ಯಾಂಡ್ ಎಂಬವರ ಪಾಲಾಯಿತು, ಬಳಿಕ ಸ್ಪೈಕರ್ ಎಂಬ ಡಚ್ಚರ ಕಂಪನಿಗೆ ಹೋಯಿತು. 2007ರ ಅಕ್ಟೋಬರಿನಲ್ಲಿ ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಅವರು ಪಾಲುದಾರರೊಬ್ಬರೊಡನೆ ಸೇರಿ 88 ದಶಲಕ್ಷ ಯೂರೋಗಳಿಗೆ ಅದನ್ನು ಕೊಂಡರು. ಯಜಮಾನರು ಬದಲಾದರೂ ಬೀಗದ ಕೈ, ಸ್ಪ್ಯಾನರು, ಕೆಲಸಗಾರರು ಬಹುಪಾಲು ಅವರೇ.

ಮೊದಲ ವರ್ಷ, 2008ರಲ್ಲಿ, ಒಂದೇ ಒಂದು ಅಂಕವೂ ದೊರೆಯಲಿಲ್ಲ. ಮರುವರ್ಷ ಆಗಸ್ಟ್ 30ರಂದು ಬೆಲ್ಜಿಯಮ್ಮಿನ ಸ್ಪಾದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸಾಲಿನಿಂದ ಹೊರಟು, ಫೆರಾರಿಯ ಕಿಮಿ ರೈಕೊನೆನ್ನರ ಹಿಂದೆ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಮುಗಿಸಿದರು. ತಂಡದ ಮೊದಲ ಅಂಕಗಳು ಅಂದೇ ಬಂದವು. ಈ ಸ್ಪಾ ಎಂಬ ಊರಿಗೂ ಆ ತಂಡಕ್ಕೂ ಏನೋ ಋಣಾನುಬಂಧ. ಮೈಕೆಲ್ ಶುಮಾಕರ್ ಮೊಟ್ಟಮೊದಲು ಫಾರ್ಮುಲಾ ಒನ್ ಓಟಕ್ಕೆ ಇಳಿದದ್ದು 1991ರಲ್ಲಿ ಅಲ್ಲಿಯೇ, ಜೋರ್ಡನ್ ತಂಡದಲ್ಲಿ. ಆ ತಂಡದ ಮೊದಲ ಗೆಲುವೂ 1998ರಲ್ಲಿ ಅಲ್ಲಿಯೇ. ಮುಂದೆ ನಾನು ಹೇಳಲಿರುವ ಮರುಹುಟ್ಟೂ ಅಲ್ಲಿಯೇ ಆಯಿತು.

2016ರಲ್ಲಿ ಮತ್ತು 2017ರಲ್ಲಿ ಫೋರ್ಸ್ ಇಂಡಿಯಾ ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮೇಲಿದ್ದ ಮೂವರು ಮರ್ಸಿಡಿಸ್, ಫೆರಾರಿ, ರೆಡ್‌ಬುಲ್. ಅವರಲ್ಲಿ ಒಬ್ಬೊಬ್ಬರ ಬಳಿ ಇದ್ದ ಆಳುಗಳ ಅರ್ಧದಷ್ಟೂ ಇವರ ಬಳಿ ಇರಲಿಲ್ಲ. ಒಟ್ಟು ಸುಮಾರು ನಾಲ್ಕುನೂರು ಮಂದಿ. ಒಂದೊಂದು ಪೌಂಡಿಗೂ ಅತಿ ಹೆಚ್ಚು ಅಂಕ ಗಳಿಸುವ ತಂಡವೆಂದು ಓಟದ ಪತ್ರಿಕೆಗಳವರು ಹೊಗಳುತ್ತಿದ್ದರು. ಹೊಗಳಿಕೆಯಿಂದ ಬಿಡಿಭಾಗದ ಅಂಗಡಿಯವನ ಬಾಕಿ ತೀರುವುದಿಲ್ಲವಷ್ಟೆ.

ಹಣ ಏಕೆ ಸಾಲಲಿಲ್ಲ? ಎರಡು ಕಾರಣಗಳಿದ್ದವು. ಮೊದಲನೆಯದು ಆಟದ್ದೇ. ಫಾರ್ಮುಲಾ ಒನ್ನಿನ ಆದಾಯವನ್ನು ತಂಡಗಳಿಗೆ ಹಂಚುವ ಒಪ್ಪಂದದಲ್ಲಿ ಗೆದ್ದ ಸ್ಥಾನಕ್ಕೆ ತಕ್ಕ ಪಾಲಿನ ಜೊತೆಗೆ, ದೊಡ್ಡವರಿಗೆ ದೊಡ್ಡವರೆಂಬ ಕಾರಣಕ್ಕೇ ಬೇರೆ ಪಾಲು ಸಿಗುತ್ತಿತ್ತು. ಫೆರಾರಿಗೆ ಅದರ ಇತಿಹಾಸಕ್ಕಾಗಿ ಪ್ರತ್ಯೇಕ ಮೊತ್ತವಿತ್ತು. ಇದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಫೋರ್ಸ್ ಇಂಡಿಯಾ ಮತ್ತು ಸೌಬರ್ ಎಂಬ ಇನ್ನೊಂದು ಸಣ್ಣ ತಂಡ 2015ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟವು. ಆಟದ ಒಡೆತನ ಲಿಬರ್ಟಿ ಮೀಡಿಯಾ ಎಂಬ ಅಮೆರಿಕದ ಕಂಪನಿಗೆ ಹೋದ ಮೇಲೆ, 2018ರ ಆರಂಭದಲ್ಲಿ, ದೂರನ್ನು ಹಿಂದಕ್ಕೆ ಪಡೆದವು. ತೀರ್ಪು ಬರಲೇ ಇಲ್ಲ. ವಕೀಲನಾಗಿ ನನಗೆ ಇಂದಿಗೂ ಅದರ ಬಗ್ಗೆ ಸಣ್ಣದೊಂದು ಕೊರಗಿದೆ. ಅಮೆರಿಕದ ಸ್ಟಾಕ್ ಕಾರ್ ಓಟದಲ್ಲಿ ಇಂಥದೇ ಜಗಳ ಇನ್ನೂ ಮುಂದೆ ಹೋಯಿತು. ಫ್ರಂಟ್ ರೋ ಎಂಬ ಸಣ್ಣ ತಂಡವೂ, ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಪಾಲುದಾರರಾಗಿರುವ ಇನ್ನೊಂದು ತಂಡವೂ ನಾಸ್ಕಾರ್ ಸಂಸ್ಥೆಯ ಮೇಲೆ 2024ರ ಅಕ್ಟೋಬರಿನಲ್ಲಿ ದಾವೆ ಹೂಡಿದವು. ಸ್ಪರ್ಧಿಸುವ ಹಕ್ಕುಪತ್ರವನ್ನು ಕೆಲವೇ ವರ್ಷಗಳ ಮಟ್ಟಿಗೆ ಕೊಡುವುದು ಏಕಸ್ವಾಮ್ಯದ ದರ್ಪವೆಂಬುದು ಅವರ ವಾದವಾಗಿತ್ತು. ವಿಚಾರಣೆ ನಡೆಯುತ್ತಿರುವಾಗಲೇ, 2025ರ ಡಿಸೆಂಬರಿನಲ್ಲಿ, ರಾಜಿಯಾಗಿ ಹಕ್ಕುಪತ್ರಗಳು ಶಾಶ್ವತವಾದವು.

ಎರಡನೆಯ ಕಾರಣ ಯಜಮಾನರದು. 2011ರಲ್ಲಿ ಸಹಾರಾ ಸಮೂಹ 42.5 ಶೇಕಡಾ ಪಾಲನ್ನು ಕೊಂಡಿತ್ತು. ಆ ಸಮೂಹದ ಮುಖ್ಯಸ್ಥರು 2014ರಿಂದ ಎರಡು ವರ್ಷ ತಿಹಾರ್ ಜೈಲಿನಲ್ಲಿದ್ದರು. ಮಲ್ಯ ಅವರ ಕಿಂಗ್‌ಫಿಷರ್ ವಿಮಾನಗಳ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು. ಬ್ಯಾಂಕುಗಳ ತಗಾದೆಯ ನಡುವೆ 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟರು. ತಂಡದ ಇಬ್ಬರು ದೊಡ್ಡ ಒಡೆಯರೂ ತಂತಮ್ಮ ವ್ಯಾಜ್ಯಗಳಲ್ಲಿ ಮುಳುಗಿದ್ದಾಗ ಕಾರ್ಖಾನೆಗೆ ಹೊಸ ಹಣ ಹಾಕುವವರು ಯಾರು?

2018ರ ಜುಲೈ ತಿಂಗಳಿಗೆ ಬರೋಣ. ಹಂಗೆರಿಯ ಓಟದ ವಾರ. ಹಣ ಬರಬೇಕಾಗಿದ್ದ ಒಬ್ಬರು ತಂಡದ ಕಂಪನಿಯನ್ನೇ ಮುಚ್ಚಿಸುವ ಅರ್ಜಿ ಹಾಕಿದ್ದರು. ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು. ಕಂಪನಿಯ ವಿಸರ್ಜನೆಯೆಂದರೆ ಬಾಗಿಲಿಗೆ ಬೀಗ ಹಾಕಿ, ಇದ್ದುದನ್ನು ಮಾರಿ, ಸರದಿಯಂತೆ ಹಂಚುವುದು. ಇಂಗ್ಲೆಂಡಿನ ಕಾನೂನಿನಲ್ಲಿ ಅದಕ್ಕಿಂತ ಬೇರೆಯಾದ ಇನ್ನೊಂದು ದಾರಿಯಿದೆ: ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿ ಬಂದು ಕಂಪನಿಯನ್ನು ನಡೆಸುತ್ತಾನೆ. ಆತನ ಮೊದಲ ಕರ್ತವ್ಯ ನಡೆಯುತ್ತಿರುವ ಉದ್ಯಮವನ್ನು ನಡೆಯುತ್ತಿರುವಂತೆಯೇ ಉಳಿಸುವುದು. ಆತ ಬಂದ ಕ್ಷಣದಿಂದ ಬೇರೆ ದಾವೆಗಳೆಲ್ಲ ತಡೆಹಿಡಿಯಲ್ಪಡುತ್ತವೆ. ಈ ಅರ್ಜಿಯನ್ನು ಹಣ ಬರಬೇಕಾದ ಯಾರು ಬೇಕಾದರೂ ಹಾಕಬಹುದು.

ಹಾಕಿದವರು ತಂಡದ ಚಾಲಕರೇ, ಮೆಕ್ಸಿಕೊ ದೇಶದ ಸೆರ್ಗಿಯೊ ಪೆರೆಜ್. ಅವರಿಗೆ ಸಂಬಳದ ಬಾಕಿ ಇತ್ತು. ಎಂಜಿನ್ ಕೊಟ್ಟಿದ್ದ ಮರ್ಸಿಡಿಸ್ ಕಂಪನಿಯೂ, ಕಾರಿಗೆ ಗುಲಾಬಿ ಬಣ್ಣ ಬಳಿಸಿದ್ದ ಪ್ರಾಯೋಜಕ ಬಿಡಬ್ಲ್ಯೂಟಿಯೂ ಬೆಂಬಲಿಸಿದವು. ಯಜಮಾನನ ಮೇಲೆ ನೌಕರ ಕೋರ್ಟಿಗೆ ಹೋದನೆಂದು ಮೇಲುನೋಟಕ್ಕೆ ಕಾಣಬಹುದು. ತಂಡದವರೇ ತಮ್ಮನ್ನು ಕೇಳಿಕೊಂಡರೆಂದೂ, ಹಾಗೆ ಮಾಡದಿದ್ದರೆ ಬೀಗ ಬೀಳುತ್ತಿತ್ತೆಂದೂ ಪೆರೆಜ್ ಆಗಲೇ ಹೇಳಿದರು. ಜುಲೈ 27ರ ಶುಕ್ರವಾರ ಲಂಡನ್ನಿನ ಹೈಕೋರ್ಟು ಆದೇಶ ಕೊಟ್ಟಿತು. ಮೆಕ್ಯಾನಿಕ್ಕುಗಳು ಭಾನುವಾರದ ಓಟಕ್ಕೆ ಚಕ್ರ ಬಿಗಿಯುತ್ತಲೇ ಇದ್ದರು. ಆಗಸ್ಟ್ 7ರಂದು ಕೆನಡಾದ ಲಾರೆನ್ಸ್ ಸ್ಟ್ರೋಲ್ ಮುಂದಾಳುತನದ ಗುಂಪು ಕೊಳ್ಳುವುದೆಂದು ತೀರ್ಮಾನವಾಯಿತು. 405 ಕೆಲಸಗಳು ಉಳಿಯುತ್ತವೆ, ಹಣ ಬರಬೇಕಾದವರಿಗೆಲ್ಲ ಪೂರ್ಣ ಸಲ್ಲುತ್ತದೆ ಎಂದು ಆಡಳಿತಾಧಿಕಾರಿಗಳು ಘೋಷಿಸಿದರು. ಆದೇಶ ಬಂದು ಹನ್ನೆರಡು ದಿನವೂ ಪೂರ್ತಿ ಆಗಿರಲಿಲ್ಲ.

ಹುಡುಗನ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಕಂಪನಿಯ ಷೇರುಗಳನ್ನು ಕೊಂಡಿದ್ದರೆ ಕಂಪನಿ ಅದೇ ಆಗಿ ಉಳಿಯುತ್ತಿತ್ತು, ಅಂಕಗಳೂ ಉಳಿಯುತ್ತಿದ್ದವು. ಆದರೆ ಮಲ್ಯ ಅವರ ಆಸ್ತಿಯ ಮೇಲೆ ಭಾರತದ ಬ್ಯಾಂಕುಗಳ ಹಕ್ಕಿನ ತಗಾದೆ ಇತ್ತು. ಅವುಗಳ ಒಪ್ಪಿಗೆಯಿಲ್ಲದೆ ಷೇರು ಕೈ ಬದಲಾಯಿಸುವಂತಿರಲಿಲ್ಲ. ಒಪ್ಪಿಗೆ ಬರುವವರೆಗೆ ಕಾದರೆ ತಂಡ ಉಳಿಯುತ್ತಿರಲಿಲ್ಲ. ಆದ್ದರಿಂದ ಕೊಂಡವರು ಕಾರು, ಕಾರ್ಖಾನೆ, ಕೆಲಸಗಾರರ ಒಪ್ಪಂದಗಳನ್ನು ಕೊಂಡು, ಹೊಸ ಕಂಪನಿಯ ಹೆಸರಿನಲ್ಲಿ ಹೊಸ ಪ್ರವೇಶಪತ್ರ ಪಡೆದರು. ಹಳೆಯ ಎತ್ತು, ಹಳೆಯ ಗಾಡಿ, ಹೊಸ ಪಹಣಿ! ಕಾನೂನಿನ ಕಣ್ಣಿಗೆ ಹಳೆಯ ತಂಡ ಕಣದಿಂದ ಹೊರಟುಹೋಯಿತು. ಅದು ಗಳಿಸಿದ್ದ 59 ಅಂಕಗಳೂ ಅದರ ಜೊತೆಗೆ ಹೋದವು. ಚಾಲಕರ ಹೆಸರಿನ ಅಂಕಗಳು ಮಾತ್ರ ಉಳಿದವು, ಅವರು ಅದೇ ಮನುಷ್ಯರಾದ್ದರಿಂದ.

ಹೊಸ ಹೆಸರಿನ ತಂಡ ಸ್ಪಾದಲ್ಲಿ ಸೊನ್ನೆಯಿಂದ ಆರಂಭಿಸಿತು. ಅರ್ಹತಾ ಸುತ್ತಿನಲ್ಲಿ ಎಸ್ತೆಬಾನ್ ಒಕಾನ್ ಮೂರನೆಯವರು, ಪೆರೆಜ್ ನಾಲ್ಕನೆಯವರು. ಓಟ ಮುಗಿದಾಗ ಐದು ಮತ್ತು ಆರನೆಯ ಸ್ಥಾನ, ಒಂದೇ ದಿನದಲ್ಲಿ 18 ಅಂಕ. ವರ್ಷದ ಕೊನೆಗೆ 52 ಅಂಕಗಳೊಡನೆ ಏಳನೆಯ ಸ್ಥಾನ ದೊರೆಯಿತು. ಅಳಿಸಿದ 59 ಸೇರಿದ್ದರೆ 111 ಆಗಿ ಐದನೆಯ ಸ್ಥಾನ ಬರುತ್ತಿತ್ತು.

ಇದು ಅನ್ಯಾಯವೇ? ಹುಡುಗನಿಗೆ ನಾನು ಹೌದೆಂದೆ. ಈಗ ಹಾಗೆ ಹೇಳಲಾರೆ. ಅದೇ ಯಜಮಾನರ ಇನ್ನೊಂದು ಕಂಪನಿಯ ನೌಕರರನ್ನು ನೆನೆದರೆ ಉತ್ತರ ಬದಲಾಗುತ್ತದೆ. ಕಿಂಗ್‌ಫಿಷರ್ ವಿಮಾನಗಳು ನಿಲ್ಲುವ ಮೊದಲೇ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಆ ಕಂಪನಿಯನ್ನು ವಿಸರ್ಜಿಸುವ ಆದೇಶ ಕರ್ನಾಟಕ ಹೈಕೋರ್ಟಿನಿಂದ ಬಂದುದು 2016ರ ನವೆಂಬರಿನಲ್ಲಿ, ಹಾರಾಟ ನಿಂತು ನಾಲ್ಕು ವರ್ಷಗಳ ಮೇಲೆ. ಅಷ್ಟರಲ್ಲಿ ವಿಮಾನಗಳೂ ಇರಲಿಲ್ಲ, ಪರವಾನಗಿಯೂ ಇರಲಿಲ್ಲ. ಉಳಿಸುವುದಕ್ಕೆ ಏನೂ ಇರಲಿಲ್ಲ. ಅಲ್ಲಿ ಕೆಲಸ ಮಾಡಿದವರಿಗೆ ಹನ್ನೆರಡು ದಿನಗಳಲ್ಲಿ ಯಾರಾದರೂ ಕೆಲಸ ಉಳಿಸಿಕೊಟ್ಟಿದ್ದರೆ, ಬದಲಿಗೆ ಯಾವ ಅಂಕವನ್ನು ಬೇಕಾದರೂ ಬಿಟ್ಟುಕೊಡುತ್ತಿದ್ದರು.

ನಮ್ಮಲ್ಲೂ 2016ರಲ್ಲಿ ದಿವಾಳಿ ಸಂಹಿತೆ ಬಂದಿದೆ. ಅರ್ಜಿ ಅಂಗೀಕಾರವಾದ ಕೂಡಲೇ ಇತರ ದಾವೆಗಳಿಗೆ ತಡೆ. ಕಂಪನಿ ಮುಚ್ಚಿಯೇಹೋದರೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡಮಾನವಿಟ್ಟುಕೊಂಡ ಬ್ಯಾಂಕುಗಳಿಗೆ ಸಮನಾದ ಸ್ಥಾನ. ಕಾಗದದ ಮೇಲೆ ಒಳ್ಳೆಯದೇ. ಆದರೆ ಬಾಕಿ ಒಂದು ಕೋಟಿ ರೂಪಾಯಿಗೆ ಕಡಿಮೆಯಿದ್ದರೆ ಈ ಬಾಗಿಲು ತಟ್ಟುವಂತಿಲ್ಲ. 2020ರವರೆಗೆ ಆ ಮಿತಿ ಒಂದು ಲಕ್ಷವಿತ್ತು. ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಕೂಲಿಯವನು ಪೆರೆಜ್ ಅವರಂತೆ ಒಬ್ಬನೇ ಹೋಗಿ ಅರ್ಜಿ ಹಾಕುವುದು ಈಗ ಆಗದ ಮಾತು. ಹತ್ತಾರು ಜನ ಬಾಕಿಗಳನ್ನು ಕೂಡಿಸಿಕೊಂಡು ಬರಬೇಕು, ಇಲ್ಲವೇ ಕಾರ್ಮಿಕ ಇಲಾಖೆಯ ಹಳೆಯ ಮೆಟ್ಟಿಲು. ನನ್ನ ಕಚೇರಿಗೆ ಬರುವವರು ಸಾಮಾನ್ಯವಾಗಿ ಮಿಲ್ಲಿಗೆ ಬೀಗ ಬಿದ್ದ ಮೇಲೆ ಬರುತ್ತಾರೆ. ಬೀಗ ಬೀಳುವ ಮೊದಲಿನ ಹನ್ನೆರಡು ದಿನಗಳಲ್ಲಿ ಬಂದವರು ಇದುವರೆಗೆ ಒಬ್ಬರೂ ಇಲ್ಲ.

ತಂಡದ ಮುಂದಿನ ಕಥೆಯನ್ನೂ ಹೇಳಬೇಕು. 2019ರಲ್ಲಿ ಒಕಾನ್ ಅವರ ಜಾಗಕ್ಕೆ ಹೊಸ ಯಜಮಾನರ ಮಗ ಬಂದರು. 2020ರ ಸೆಪ್ಟೆಂಬರಿನಲ್ಲಿ ಪೆರೆಜ್ ಅವರಿಗೂ, ಮರುವರ್ಷ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆಂದು ತಿಳಿಸಲಾಯಿತು. ಅದೇ ವರ್ಷ ಡಿಸೆಂಬರ್ 6ರಂದು ಬಹರೈನಿನ ಸಾಖಿರ್ ಓಟದಲ್ಲಿ ಮೊದಲ ಸುತ್ತಿನಲ್ಲೇ ಮತ್ತೊಂದು ಕಾರು ತಾಗಿ ಪೆರೆಜ್ ಎಲ್ಲರಿಗಿಂತ ಹಿಂದೆ ಬಿದ್ದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಮೊದಲಿಗರಾಗಿ ಮುಗಿಸಿದರು. 190 ಓಟಗಳಲ್ಲಿ ಅದು ಅವರ ಮೊದಲ ಗೆಲುವು. 2003ರ ಬ್ರೆಜಿಲಿನ ನಂತರ ಸಿಲ್ವರ್‌ಸ್ಟೋನಿನ ಆ ಕಾರ್ಖಾನೆಗೂ ಮೊದಲ ಗೆಲುವು. ಎರಡನೆಯ ಸ್ಥಾನದಲ್ಲಿ ನಿಂತವರು, ಬೇರೆ ತಂಡದ ಅಂಗಿ ತೊಟ್ಟ ಒಕಾನ್. ಮೂರನೆಯವರು ಯಜಮಾನರ ಮಗ.

ವೇದಿಕೆಯ ಮೇಲೆ ರೂಢಿಯಂತೆ ಗೆದ್ದ ಚಾಲಕನ ದೇಶದ ಗೀತೆ, ಆಮೇಲೆ ಗೆದ್ದ ತಂಡದ ದೇಶದ ಗೀತೆ ನುಡಿಸುತ್ತಾರೆ. ಫೋರ್ಸ್ ಇಂಡಿಯಾ ಭಾರತದ ಪರವಾನಗಿಯ ಮೇಲೆ ಓಡುತ್ತಿತ್ತು. ಹತ್ತು ವರ್ಷಗಳಲ್ಲಿ ಆರು ಬಾರಿ ಅದರ ಚಾಲಕರು ವೇದಿಕೆ ಹತ್ತಿದರೂ ಮೊದಲ ಮೆಟ್ಟಿಲು ಸಿಗಲಿಲ್ಲ. ಸಾಖಿರಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ಪರವಾನಗಿ ಬ್ರಿಟನ್ನಿನದಾಗಿತ್ತು. ಮೆಕ್ಸಿಕೊದ ಗೀತೆ ಮುಗಿದ ಮೇಲೆ ಬ್ರಿಟನ್ನಿನ ಗೀತೆ ನುಡಿಸಿದರು.