ಹಿತ್ತಲಲ್ಲಿ ಕನಕಾಂಬರ

ಕನಕಾಂಬರ ಗೊತ್ತಿಲ್ಲದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ಕರಾವಳಿ ಕಡೆ ಇದಕ್ಕೆ ಅಬ್ಬಲಿಗೆ ಅಂತಾರೆ. ಕೊಂಕಣಿ ಮಾತಾಡುವವರು ಅಬೋಲಿ ಅಂತಾರೆ. ಹೆಸರು ಬೇರೆ, ಹೂವು ಒಂದೇ. ಇದು ಹೊರದೇಶದಿಂದ ಬಂದ ಗಿಡ ಅಲ್ಲ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರುಮನೆ. ನಮ್ಮ ಬಿಸಿಲು, ನಮ್ಮ ಮಣ್ಣು ಇದಕ್ಕೆ ಹೊಸದಲ್ಲ.

ಈ ಹೂವಿಗೆ ವಾಸನೆ ಇಲ್ಲ. ಆದರೂ ಸಂತೆಯಲ್ಲಿ ಬೆಲೆ ಇದೆ. ಯಾಕೆ? ಬೆಳಗ್ಗೆ ಮುಡಿದ ಮಲ್ಲಿಗೆ ಸಂಜೆಗೆ ಬಾಡುತ್ತದೆ. ಕನಕಾಂಬರ ಮಾರನೆಯ ದಿನವೂ ಬಾಡದೆ ಇರುತ್ತದೆ. ಮಾಲೆ ತಲೆಗೆ ಭಾರವೂ ಅಲ್ಲ.

ಇದನ್ನು ಬೆಳೆಯಲು ಹೊಲವೇ ಬೇಕು ಅಂತಿಲ್ಲ. ಬೇಲಿಯ ಬದಿ, ಮನೆಯ ಹಿಂದೆ, ಸ್ವಲ್ಪ ನೆರಳು ಬೀಳುವ ಜಾಗ ಇದ್ದರೂ ಸಾಕು. ಗಿಡ ಎರಡು ಮೂರು ಅಡಿ ಎತ್ತರ ಬೆಳೆಯುತ್ತದೆ.

ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ. ನೆರೆಮನೆಯಲ್ಲಿ ಗಿಡ ಇದ್ದರೆ ಒಣಗಿದ ತೆನೆ ಕೇಳಿ ತನ್ನಿ. ಇದರ ಕಾಯಿಗೆ ಒಂದು ಗುಣ ಇದೆ. ಒಣ ಕಾಯಿಗೆ ನೀರು ತಗುಲಿದರೆ ಪಟ್ ಅಂತ ಸಿಡಿಯುತ್ತದೆ. ಮಕ್ಕಳಿಗೆ ಅದೇ ಒಂದು ಆಟ. ಗಿಡದಲ್ಲೇ ಬಿಟ್ಟರೆ ಮಳೆ ಬಂದಾಗ ಬೀಜವೆಲ್ಲ ಸಿಡಿದುಹೋಗುತ್ತದೆ. ಹಾಗಾಗಿ ಮಳೆಗೆ ಮೊದಲೇ ಒಣ ತೆನೆ ಕೊಯ್ಯಿರಿ. ಪಾತ್ರೆಗೆ ಹಾಕಿ, ಮೇಲೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ. ಬೀಜ ಒಳಗೇ ಉದುರುತ್ತದೆ. ನೆರಳಲ್ಲಿ ಆರಿಸಿ ಇಡಿ.

ಸಣ್ಣ ಪಾತಿ ಮಾಡಿ ಬೀಜ ಹಾಕಿ. ಸಸಿ ಎರಡು ತಿಂಗಳಿಗೆ ನಾಟಿಗೆ ಬರುತ್ತದೆ. ಗಿಡದಿಂದ ಗಿಡಕ್ಕೆ ಒಂದು ಅಡಿ, ಸಾಲಿನಿಂದ ಸಾಲಿಗೆ ಎರಡು ಅಡಿ ಜಾಗ ಬಿಡಿ. ಹಳೆಯ ತಿಪ್ಪೆಗೊಬ್ಬರ ಹಾಕಿ. ನೆಟ್ಟ ಎರಡು ಮೂರು ತಿಂಗಳಿಗೆ ಹೂವು ಶುರು.

ಡೆಲ್ಲಿ ಕನಕಾಂಬರ ಅಂತ ಇನ್ನೊಂದು ಜಾತಿ ಇದೆ. ಅದರ ಹೂವು ದೊಡ್ಡದು, ಬಣ್ಣ ಗಾಢ. ಆದರೆ ಅದರಲ್ಲಿ ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ಬೇರಿನ ರೋಗವೂ ಅದಕ್ಕೆ ಬೇಗ ತಗುಲುತ್ತದೆ. ಮೊದಲ ಸಲ ಬೆಳೆಯುವವರಿಗೆ ಬೀಜ ಕಟ್ಟುವ ಹಳೆಯ ಜಾತಿಯೇ ಮೇಲು.

ಈ ಗಿಡಕ್ಕೆ ದಿನಾ ಕೊಡಗಟ್ಟಲೆ ನೀರು ಹೊರಬೇಕಾಗಿಲ್ಲ. ಅಕ್ಕಿ, ತರಕಾರಿ ತೊಳೆದ ನೀರನ್ನು ಬುಡಕ್ಕೆ ಹಾಕಿ. ಬೇಸಿಗೆಯಲ್ಲಿ ಮಣ್ಣು ಒಣಗಿದ್ದು ಕಂಡರೆ ಇನ್ನಷ್ಟು ಹಾಕಿ. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ.

ಇನ್ನೊಂದು ಶತ್ರು ಕಣ್ಣಿಗೆ ಕಾಣುವುದಿಲ್ಲ. ಅದು ಮಣ್ಣಿನಲ್ಲಿರುವ ಜಂತುಹುಳು. ಗೊಬ್ಬರ, ನೀರು ಎಲ್ಲ ಕೊಟ್ಟರೂ ಎಲೆ ಹಳದಿಯಾಗಿ ಗಿಡ ಸೊರಗಿದರೆ ಒಂದು ಗಿಡ ಕಿತ್ತು ನೋಡಿ. ಬೇರಿನಲ್ಲಿ ಗಂಟು ಗಂಟು ಇದ್ದರೆ ಅದು ಈ ಹುಳುವಿನ ಕೆಲಸ. ಅಂಥ ಗಿಡವನ್ನು ಬೇರುಸಮೇತ ಸುಟ್ಟುಬಿಡಿ. ಅದೇ ಜಾಗದಲ್ಲಿ ಬದನೆ, ಟೊಮೆಟೊ ಹಾಕಬೇಡಿ. ಅವುಗಳಿಗೂ ಈ ಹುಳು ಹಿಡಿಯುತ್ತದೆ. ಅಲ್ಲಿ ಚೆಂಡುಹೂವು ಬೆಳೆಯಿರಿ. ಚೆಂಡುಹೂವಿನ ಬೇರು ಈ ಹುಳುವಿಗೆ ಆಗದು. ನಾಟಿ ಮಾಡುವಾಗಲೇ ಬೇವಿನ ಹಿಂಡಿ ಹಾಕಿದರೆ ತೊಂದರೆ ಕಡಿಮೆ.

ಹೂವು ತೆನೆಯ ಕೆಳಗಿನಿಂದ ಅರಳುತ್ತಾ ಮೇಲೆ ಹೋಗುತ್ತದೆ. ಪೂರ್ತಿ ಅರಳಿದ್ದನ್ನು ದಿನ ಬಿಟ್ಟು ದಿನ, ತಂಪು ಹೊತ್ತಿನಲ್ಲಿ ಬಿಡಿಸಿ. ಹೂವು ಮುಗಿದ ತೆನೆ ಕತ್ತರಿಸಿದರೆ ಹೊಸ ತೆನೆ ಬರುತ್ತದೆ. ಬೀಜಕ್ಕೆ ನಾಲ್ಕಾರು ತೆನೆ ಬಿಟ್ಟರೆ ಸಾಕು.

ಜೋರು ಮಳೆಯಲ್ಲಿ ಹೂವು ಕಡಿಮೆ. ಶ್ರಾವಣ, ಭಾದ್ರಪದದ ಹಬ್ಬಗಳು ಬರುವುದೂ ಆಗಲೇ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ಬೆಲೆ ಏರುತ್ತದೆ. ಆ ವಾರ ಮನೆಗೆ ಬಂದು ಹಳೆಯ ಬೆಲೆಗೇ ಕೇಳುವವರಿಗೆ ಕೊಡುವ ಮೊದಲು ಸಂತೆಯ ಬೆಲೆ ವಿಚಾರಿಸಿ.

ಕಟ್ಟಿದ ಹೂವು ಮೊಳದ ಲೆಕ್ಕದಲ್ಲಿ ಹೋಗುತ್ತದೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ, ಸುಮಾರು ಒಂದೂವರೆ ಅಡಿ. ಆದರೆ ಯಾರ ಕೈ? ಕೊಳ್ಳುವಾಗ ವ್ಯಾಪಾರಿಯ ಮೊಳ ಉದ್ದ, ಮಾರುವಾಗ ಗಿಡ್ಡ! ಒಂದೂವರೆ ಅಡಿಯ ಕಡ್ಡಿಯೊಂದನ್ನು ಕತ್ತರಿಸಿ ಹೂವಿನ ಬುಟ್ಟಿಯಲ್ಲೇ ಇಟ್ಟುಕೊಳ್ಳಿ. ಮಾಲೆಯನ್ನು ಅವರ ಎದುರಿಗೇ ಆ ಕಡ್ಡಿಯಲ್ಲಿ ಅಳೆದು ಕೊಡಿ.